ಹತ್ತನೆಯ ಚೂರು

ನಮ್ಮೂರಿನಲ್ಲಿ ವರ್ಷಕ್ಕೊಂದು ವಾರ ಹಿಟ್ಟು ಹುಳಿ ಬರುವುದಿಲ್ಲ. ಬೇವಿನ ಮರ ಹೂ ಬಿಡುವ ತಿಂಗಳ ಹುಣ್ಣಿಮೆಯ ಬೆಳಿಗ್ಗೆ ಅದು ಶುರುವಾಗುತ್ತದೆ. ಹಿಂದಿನ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಮುಚ್ಚಳ ತೆಗೆದರೆ ಇಟ್ಟ ಮಟ್ಟದಲ್ಲೇ, ತಪಸ್ಸಿಗೆ ಕೂತವರ ಹಾಗೆ ಅಲುಗದೆ ಕೂತಿರುತ್ತದೆ. ದಸ್ತಗೀರ್ ಸಾಬರ ಬೇಕರಿಯ ಬನ್ನು ಬಿಲ್ಲೆಯಾಗುತ್ತದೆ. ಪಕ್ಕದೂರಿನಿಂದ ಬಸ್ಸಿನಲ್ಲಿ ಬ್ರೆಡ್ಡು ತಂದರೂ ಅಷ್ಟೇ, ಸೇತುವೆ ದಾಟುವಾಗ ಚೀಲದೊಳಗೇ ಉಸ್ಸೆಂದು ಚಪ್ಪಟೆಯಾಗುತ್ತದೆ. ಈಚಲ ಮರದಿಂದ ಇಳಿಸಿದ ಹೆಂಡ ಸಂಜೆಯಾದರೂ ಎಳನೀರಿನಷ್ಟೇ ಸಾಧು. ಹಾಗಾಗಿ ಹೋಟೆಲ್ ವಾಸಣ್ಣ ಆ ವಾರ ಇಡ್ಲಿ ಪಾತ್ರೆಗಳನ್ನು ಕಲಾಯಿಗೆ ಕೊಟ್ಟು ಅಕ್ಕಿರೊಟ್ಟಿ, ಉಪ್ಪಿಟ್ಟು ಮಾಡುತ್ತಾನೆ. ದಸ್ತಗೀರ್ ಸಾಬರು ಒಲೆ ಆರಿಸಿ ಮಗಳ ಮನೆಗೆ ಹೋಗಿಬರುತ್ತಾರೆ. ಹೆಂಡ ಇಳಿಸುವ ಕೆಂಚಣ್ಣನ ಹೆಂಡತಿ ಪುಟ್ಟನಂಜಿ, ವರ್ಷವೆಲ್ಲ ಕಾದು, ಗಂಡನ ಕೈಯಲ್ಲಿ ಮನೆಗೆ ಸುಣ್ಣ ಹೊಡೆಸುವುದು ಆ ವಾರವೇ. ಹೆಣ್ಣು ಕೇಳಲು ಬರುವವರೂ ಆಗಲೇ ಬರುತ್ತಾರೆ, ಹುಡುಗನ ಅಪ್ಪ ಎಷ್ಟು ಕುಡಿಯುತ್ತಾನೆಂದು ಯಾರಿಗೂ ಗೊತ್ತಾಗುವುದಿಲ್ಲವಲ್ಲ.

ಊರಿನವರು ಅದನ್ನು ಹುಳಿಯಿಲ್ಲದ ವಾರ ಎನ್ನುತ್ತಾರೆ. ನಮ್ಮ ಓಣಿಯ ಎರಡು ಮನೆಯವರು ಮಾತ್ರ ಪಸ್ಕ, ಅಂದರೆ ಹುಳಿಯಿಲ್ಲದ ರೊಟ್ಟಿಯ ಹಬ್ಬ, ಎನ್ನುತ್ತೇವೆ. ಒಂದು ನಮ್ಮ ಮನೆ, ಇನ್ನೊಂದು ಎದುರಿಗಿರುವ ಸೆಗುಲಜ್ಜಿಯ ಮನೆ. ಸೆಗುಲಜ್ಜಿ ಯೆಹೂದಿ, ನಾವು ಯೇಸುವಿನವರು. ಆದರೆ ಶುಕ್ರವಾರ ಸಂಜೆ ಎರಡೂ ಮನೆಯ ಕಿಟಕಿಯಲ್ಲಿ ಒಂದೇ ಹೊತ್ತಿಗೆ ದೀಪ ಹತ್ತುತ್ತದೆ, ಶನಿವಾರ ಎರಡೂ ಮನೆಯಲ್ಲಿ ಒಲೆ ಉರಿಯುವುದಿಲ್ಲ. ನಮ್ಮ ಅಜ್ಜಿ ಹುಲ್ದಮ್ಮ ಹೇಳುವ ಪ್ರಕಾರ, ಬಹಳ ಹಿಂದೆ ಅಕ್ಕತಂಗಿಯರಿಬ್ಬರು ಒಂದೇ ದೋಣಿಯಲ್ಲಿ ಬಂದರು. ತಂದದ್ದು ಎರಡೇ ಸಾಮಾನು: ಹಿಟ್ಟು ಕಲಸುವ ಮರದ ಮರಿಗೆಯೊಂದು, ಕಬ್ಬಿಣದ ಕಾವಲಿಯೊಂದು. ಅಕ್ಕ ಮೋಶೆಯ ಶಾಸ್ತ್ರವನ್ನು ಹಿಡಿದು ಹಾಗೇ ಉಳಿದಳು. ತಂಗಿ ಅದೇ ಶಾಸ್ತ್ರವನ್ನು ಮಡಿಲಲ್ಲಿಟ್ಟುಕೊಂಡೇ ಯೇಸುವನ್ನು ನಂಬಿದಳು. ಇಬ್ಬರೂ ಜಗಳವಾಡಿದರು, ಅತ್ತರು, ಎದುರುಬದುರು ಮನೆ ಕಟ್ಟಿದರು. ಪಾಲು ಮಾಡುವಾಗ ಕಾವಲಿ ಅಕ್ಕನಿಗೆ ಹೋಯಿತು, ಮರಿಗೆ ತಂಗಿಗೆ ಬಂತು. ಪಸ್ಕದ ರೊಟ್ಟಿಯನ್ನು ಬೇರೆ ಮರಿಗೆಯಲ್ಲಿ ಕಲಸುವಂತಿಲ್ಲ, ಬೇರೆ ಕಾವಲಿಯ ಮೇಲೆ ಸುಡುವಂತಿಲ್ಲ. "ಹಾಗಾಗಿ ಏನಾಯ್ತು ಹೇಳು?" ಎಂದು ಅಜ್ಜಿ ಕೇಳುತ್ತಿದ್ದಳು. "ವರ್ಷಕ್ಕೊಂದು ದಿನ ಮುಖ ನೋಡ್ಲೇಬೇಕಾಯ್ತು," ಎಂದು ನಾನು ಹೇಳಬೇಕು. ಅದು ಕಥೆಯ ಕೊನೆ.

ಅಪ್ಪ ಅಮ್ಮನ ಮುಖ ನನಗೆ ನೆನಪಿಲ್ಲ. ನನ್ನನ್ನು ಬೆಳೆಸಿದ್ದು ಅಜ್ಜಿಯ ಕೈ ಮತ್ತು ಅಜ್ಜಿಯ ಕಥೆ. ಅವಳ ಬಾಯಲ್ಲಿ ಯೇಸುಸ್ವಾಮಿಯ ಊರು ನಜರೇತು ಎನ್ನುವುದು ನಮ್ಮ ಹಿಂದಿನ ಓಣಿ. ಮರಿಯಮ್ಮ ತಾಯಿ ಶುಕ್ರವಾರ ಮಧ್ಯಾಹ್ನ ಬತ್ತಿ ಹೊಸೆಯುತ್ತಾ, "ಏಳೋ, ಸಭಾಮಂದಿರಕ್ಕೆ ಹೊತ್ತಾಯ್ತು" ಎಂದು ಮಗನನ್ನು ಎಬ್ಬಿಸುತ್ತಿದ್ದಳು. ಯೇಸುಸ್ವಾಮಿ ಚಿಕ್ಕವನಾಗಿದ್ದಾಗ ಮೋಶೆಯ ಶಾಸ್ತ್ರವಾದ ತೋರಾದ ಸಾಲುಗಳನ್ನು ಬಾಯಿಪಾಠ ಒಪ್ಪಿಸದೆ ಊಟಕ್ಕೆ ಕೂರುವಂತಿರಲಿಲ್ಲ. ಪಸ್ಕದ ಮುಂಚಿನ ಸಂಜೆ ತಾಯಿ ಮನೆಯಲ್ಲಿ ಹುಳಿರೊಟ್ಟಿಯ ಹತ್ತು ಚೂರು ಬಚ್ಚಿಡುತ್ತಿದ್ದಳು. ಮಗ ದೀಪ ಹಿಡಿದು, ಕೋಳಿಪುಕ್ಕದಿಂದ ಮರದ ಸೌಟಿಗೆ ಗುಡಿಸಿ ಗುಡಿಸಿ ಹತ್ತನ್ನೂ ಹುಡುಕಬೇಕು, ಮರುದಿನ ಸುಡಬೇಕು, ಹಬ್ಬಕ್ಕೆ ಮನೆಯಲ್ಲಿ ಹುಳಿ ಉಳಿಯಬಾರದು. ಪ್ರತಿ ವರ್ಷವೂ ಹುಡುಕಿಬಿಡುತ್ತಿದ್ದ. ಒಂದು ವರ್ಷ ಮಾತ್ರ ಹತ್ತನೆಯದು ಸಿಗಲೇ ಇಲ್ಲ. ಅಟ್ಟ ಹತ್ತಿದ, ಬಾವಿಕಟ್ಟೆ ನೋಡಿದ, ಅಪ್ಪನ ಬಡಗಿ ಸಾಮಾನೆಲ್ಲ ತಿರುವಿ ಹಾಕಿದ, ಕೊನೆಗೆ ಹೊಸ್ತಿಲ ಮೇಲೆ ಕೂತು ಅತ್ತೇಬಿಟ್ಟ.

"ಎಲ್ಲಿತ್ತಜ್ಜಿ?"

"ನೀನು ಹುಡುಕೋಷ್ಟು ದೊಡ್ಡೋಳಾದಾಗ ಹೇಳ್ತೀನಿ."

ಸೆಗುಲಜ್ಜಿಯ ಕಣ್ಣು ಮಂಜಾದ ಮೇಲೆ ಅವಳ ಪರವಾಗಿ ದೀಪ ಹಿಡಿದು ಹುಡುಕುವವಳು ನಾನೇ ಆದೆ. ಅವಳ ಮನೆಯಲ್ಲಿ ಚೂರು ಬಚ್ಚಿಡುವುದು ನಮ್ಮ ಅಜ್ಜಿ, ನಮ್ಮ ಮನೆಯಲ್ಲಿ ಬಚ್ಚಿಡುವುದು ಸೆಗುಲಜ್ಜಿ. ಅದು ಆ ಅಕ್ಕತಂಗಿಯರ ಕಾಲದಿಂದ ಬಂದ ಪದ್ಧತಿ. ಆದರೂ ಅಜ್ಜಿ ಆ ಕಥೆಯ ಕೊನೆಯನ್ನು ನನಗೆ ಹೇಳಿರಲಿಲ್ಲ.

ಈ ವರ್ಷ ನಮ್ಮ ಸಭೆಗೆ ಹೊಸ ಬೋಧಕರು ಬಂದಿದ್ದರು. ನತಾನಯೇಲ ಅಯ್ಯನವರು. ಇನ್ನೂ ಹುಡುಗುಮುಖ, ಒಳ್ಳೆಯ ಮನಸ್ಸು, ಸೇತುವೆಯಾಚೆಯ ಓದು. ನಮ್ಮ ಸಭೆಯವರು ಸ್ವಾಮಿಯ ಕೊನೆಯ ಊಟದ ನೆನಪಿನ ಭೋಜನವನ್ನು ಪಸ್ಕದ ಹುಣ್ಣಿಮೆಯ ಸಂಜೆಯೇ ಮಾಡುತ್ತೇವೆಂಬುದೂ, ಆ ರೊಟ್ಟಿ ಸೆಗುಲಜ್ಜಿಯ ಕಾವಲಿಯಿಂದ ಬರುತ್ತದೆಂಬುದೂ ತಿಳಿದಾಗ ಅವರು ನಮ್ಮ ಮನೆಗೇ ಬಂದು ಕೂತರು.

"ಹುಲ್ದಮ್ಮನವರೇ, ತಪ್ಪು ತಿಳೀಬೇಡಿ. ಹಳೇದೆಲ್ಲ ನೆರಳು ಇದ್ದ ಹಾಗೆ. ನಿಜವಾದದ್ದು ಬಂದ ಮೇಲೆ ನೆರಳನ್ನ ಯಾಕೆ ಹಿಡ್ಕೊಂಡಿರಬೇಕು?"

"ನೆರಳು ಅಂತ ತಾತ್ಸಾರ ಮಾಡ್ಬೇಡಿ ಅಯ್ಯನವರೇ. ಈ ಊರ ಬಿಸಿಲು ನೀವಿನ್ನೂ ನೋಡಿಲ್ಲ," ಎಂದು ಅಜ್ಜಿ ಮಜ್ಜಿಗೆ ಲೋಟ ಮುಂದಿಟ್ಟಳು.

"ಸ್ವಾಮಿ ಸತ್ತು ಎದ್ದು ಬಂದವರು. ಅವರ ಮೇಜಿಗೆ ಚೆನ್ನಾಗಿ ಉಬ್ಬಿದ ರೊಟ್ಟಿ ಇಡೋದು ಚೆಂದ ಅಲ್ವಾ?"

"ಚೆಂದವೇ. ಆದ್ರೆ ಆ ರಾತ್ರಿ ಸ್ವಾಮಿ ಕೈಲಿ ಇದ್ದದ್ದು ಬನ್ನಾ? ಅವರಮ್ಮ ಹುಳಿ ಹೊರಗೆ ಹಾಕಿ, ಮನೆ ಗುಡಿಸಿ, ಸುಡೋದನ್ನ ಕಲಿಸಿದ್ದ ರೊಟ್ಟಿನೇ ತಾನೆ ಅವರು ಮುರಿದಿದ್ದು?"

ಅಯ್ಯನವರು ನಕ್ಕರು, ಮಜ್ಜಿಗೆ ಕುಡಿದರು, ಆದರೆ ಒಪ್ಪಲಿಲ್ಲ. "ಈ ವರ್ಷ ನಡೀಲಿ. ಯಾವತ್ತಾದ್ರೂ ದೇವರೇ ದಾರಿ ತೋರಿಸಿ, ಈ ಊರಲ್ಲಿ ಈ ವಾರ ಹಿಟ್ಟು ಉಬ್ಬಿದ್ರೆ, ಆಗ ನೀವು ತಡೀಬಾರದು," ಎಂದರು. ಅಜ್ಜಿಯೂ ನಕ್ಕು, "ಉಬ್ಬಲಿ ನೋಡೋಣ," ಎಂದಳು.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದಳು. ಮದುವೆ ವಯಸ್ಸಿನವಳಿಗೆ ಅಜ್ಜಿ ಜಡೆ ಹಾಕುವುದನ್ನು ನೋಡಿ ಪುಟ್ಟನಂಜಿ, "ಏನ್ ಹುಲ್ದವ್ವ, ಮೊಮ್ಮಗಳಿಗೆ ಕೈಯಿಲ್ವಾ?" ಎಂದು ಹೊರಗಿನಿಂದಲೇ ರೇಗಿಸಿದಳು. "ಇವಳ ಕೈ ಮೋಡದಲ್ಲಿರತ್ತೆ, ತಲೆ ಮಾತ್ರ ನನ್ನ ಮುಂದೆ," ಎಂದು ಅಜ್ಜಿ ಅಂದಳು. ಆಮೇಲೆ ಸೆರಗಿನಲ್ಲಿ ಒಣರೊಟ್ಟಿಯ ಚೂರುಗಳನ್ನು, ಒಂದೊಂದಕ್ಕೂ ಚಿಂದಿ ಸುತ್ತಿ ಕಟ್ಟಿಕೊಂಡು, ಓಣಿ ದಾಟಿ ಹೋದಳು. ಬಚ್ಚಿಟ್ಟು ಬಂದು, ಕೈ ತೊಳೆದು, ಊಟಕ್ಕೆ ಕೂತಳು. ತುತ್ತು ಬಾಯಿಗೆ ಹೋಗುವ ಮುನ್ನ ಕೈಯಿಂದ ಜಾರಿತು. ಹಾಗೇ ಬಲಕ್ಕೆ ವಾಲಿದಳು.

ಡಾಕ್ಟರು ಬಂದು ಲಕ್ವ ಎಂದರು. ಜೀವಕ್ಕೆ ಭಯವಿಲ್ಲ, ಬಲಗಡೆ ಸ್ವಾಧೀನವಿಲ್ಲ, ಮಾತು ನಿಧಾನವಾಗಿ ಬಂದರೆ ಬರಬಹುದು ಎಂದರು. ನಾನು ಅವಳ ಎದೆಯ ಮೇಲೆ ತಲೆಯಿಟ್ಟು ಅತ್ತೆ. ಅಜ್ಜಿ ಎಡಗೈಯಿಂದ ನನ್ನ ಜಡೆ ಹಿಡಿದುಕೊಂಡಳು. ಬಿಗಿಯಾಗಿ, ಬಿಡದೆ. ಬಾಯಿಯಿಂದ ಏನೇನೋ ಸದ್ದು. "ಮಾತಾಡ್ಬೇಡಜ್ಜಿ, ನಾನಿಲ್ಲೇ ಇದ್ದೀನಿ," ಎಂದು ಸಮಾಧಾನ ಮಾಡಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ.

ಸಂಜೆ ನಮ್ಮ ಮನೆಯ ಹತ್ತನ್ನೂ ಹುಡುಕಿಟ್ಟು, ಪುಟ್ಟನಂಜಿಯನ್ನು ಅಜ್ಜಿಯ ಬಳಿ ಕೂರಿಸಿ ಸೆಗುಲಜ್ಜಿಯ ಮನೆಗೆ ಹೋದೆ. ಹುಡುಕುವಾಗ ಮಾತಾಡುವಂತಿಲ್ಲ. ಅವಳು ನನ್ನ ತೋಳು ಹಿಡಿದು ಹಿಂದೆ ಹಿಂದೆ ಬಂದಳು, ನಾನು ದೀಪ ಹಿಡಿದು ಮೂಲೆ ಮೂಲೆ ನೋಡಿದೆ. ಒಲೆಯ ಹಿಂದೆ, ಅಕ್ಕಿ ಡಬ್ಬಿಯ ಕೆಳಗೆ, ದೇವರ ವಾಕ್ಯ ಬರೆದಿಟ್ಟ ಬಾಗಿಲ ಚೌಕಟ್ಟಿನ ಮೇಲೆ, ಒಂದೊಂದಾಗಿ ಸಿಕ್ಕವು. ಒಂಬತ್ತು ಸಿಕ್ಕವು. ಹತ್ತನೆಯದು ಸಿಗಲಿಲ್ಲ. ಮತ್ತೆ ಮೊದಲಿನಿಂದ ನೋಡಿದೆವು. ಕೊನೆಗೆ ಸೆಗುಲಜ್ಜಿಯೇ ಮೌನ ಮುರಿದಳು. "ಹುಲ್ದಕ್ಕ ಎಲ್ಲಿಟ್ಟಿದ್ದಾಳೋ. ಕೇಳೋಣ ಅಂದ್ರೆ..." ಎಂದಳು.

"ಕಾಣದೆ ಉಳಿದ ಹುಳಿಯೆಲ್ಲ ಮಣ್ಣಿಗೆ ಸಮ ಅಂತ ನೀವು ಹೇಳೋದಿದೆಯಲ್ಲ ಸೆಗುಲಜ್ಜಿ, ಅದನ್ನ ಹೇಳಿಬಿಡಿ," ಎಂದೆ.

"ಅದು ಗೊತ್ತಿಲ್ದೆ ಉಳಿದಿದ್ದಕ್ಕೆ ಮಗಾ. ಇದು ಉಳಿದಿದೆ ಅಂತ ನನಗೆ ಗೊತ್ತಲ್ಲ. ಗೊತ್ತಿದ್ದೂ ಮಣ್ಣು ಅಂದ್ರೆ ಅದು ಸುಳ್ಳಾಗತ್ತೆ." ನಾಳೆ ಸೂರ್ಯ ನೆತ್ತಿಗೆ ಬರುವುದರೊಳಗೆ ಹತ್ತನ್ನೂ ಸುಡದಿದ್ದರೆ ಅಟ್ಟದ ಮೇಲಿನ ಕಾವಲಿಯನ್ನು ಅವಳು ಕೆಳಗಿಳಿಸುವುದಿಲ್ಲ. ಅವಳಿಗೆ ಹಬ್ಬವಿಲ್ಲ, ನಮ್ಮ ಮೇಜಿಗೆ ರೊಟ್ಟಿಯಿಲ್ಲ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಓಣಿಯ ಗಲಾಟೆ. ವಾಸಣ್ಣ ಸೊಂಟಕ್ಕೆ ಟವೆಲು ಕಟ್ಟಿಕೊಂಡೇ ಓಡಿಬಂದಿದ್ದ. ಬೆಳಿಗ್ಗೆ ಅಕ್ಕಿರೊಟ್ಟಿಗೆಂದು ಕಲಸಿಟ್ಟ ಹಿಟ್ಟು ಸಹ ಉಬ್ಬಿ, ಪಾತ್ರೆ ದಾಟಿ, ಕಟ್ಟೆಯಿಂದ ಇಳಿದು ಬಾಗಿಲ ಕಡೆ ಹೊರಟಿತ್ತಂತೆ. ದಸ್ತಗೀರ್ ಸಾಬರು ಮಗಳ ಮನೆಗೆ ಹೊರಟವರು ಬಸ್ಸಿನಿಂದ ಇಳಿದು ಬಂದಿದ್ದರು. "ಪರೀಕ್ಷೆಗೆ ಅಂತ ಒಂದು ಹಿಡಿ ಮೈದಾ ಇಟ್ಟಿದ್ದೆ ಹುಲ್ದಮ್ಮ. ಬನ್ನು ಕುಂಬಳಕಾಯಿ ಆಗಿದೆ!" ಎಂದು ಬಾಗಿಲಲ್ಲಿ ನಿಂತು ಕೂಗಿದವರು, ಮಂಚದ ಮೇಲೆ ಅಜ್ಜಿಯನ್ನು ಕಂಡು ಚಪ್ಪಲಿ ಕಳಚಿ ಮೆಲ್ಲಗೆ ಒಳಗೆ ಬಂದರು. ಎಲ್ಲರೂ ನನ್ನ ಕಡೆ ನೋಡಿದರು. ಅಜ್ಜಿಯ ಎಳೆತನದಲ್ಲೊಮ್ಮೆ ಹೀಗೇ ಹಿಟ್ಟು ಉಬ್ಬಿ, ಇಲಿಬಿಲದಲ್ಲಿ ಉಳಿದಿದ್ದ ಒಂದು ಚೂರು ಸಿಕ್ಕಿದ ಮೇಲೆ ಇಳಿದದ್ದನ್ನು ಊರು ಮರೆತಿರಲಿಲ್ಲ.

"ಒಂದು ಉಳಿದಿದೆ," ಎಂದೆ.

ಯಾರೂ ಕರೆಯಲಿಲ್ಲ, ಯಾರೂ ಹೇಳಲಿಲ್ಲ. ವಾಸಣ್ಣ ಸೆಗುಲಜ್ಜಿಯ ಅಟ್ಟ ಹತ್ತಿದ. ಪುಟ್ಟನಂಜಿ ಹೆಂಚು ತೆಗೆದು ಜಂತಿ ನೋಡಿದಳು. ದಸ್ತಗೀರ್ ಸಾಬರು ಚಾಪೆ ಸುತ್ತಿ, ಮಂಡಿಯೂರಿ, ಪುಕ್ಕದಿಂದ ನೆಲದ ಸಂದು ಗುಡಿಸಿದರು. ಕೆಂಚಣ್ಣ ಒಬ್ಬನೇ, ಆ ದಿನ ಹೆಂಡ ಹುಳಿ ಬಂದ ಸಂತೋಷದಲ್ಲಿ, ಹಿತ್ತಲ ತುಳಸಿಗಿಡಕ್ಕೆ ಕೈಮುಗಿದು, "ಸಿಕ್ದೇ ಹೋಗ್ಲಿ ತಾಯಿ" ಎನ್ನುತ್ತಾ ಹುಡುಕುವವನ ಹಾಗೆ ನಟಿಸುತ್ತಿದ್ದ.

ಅಯ್ಯನವರು ಬಂದಾಗ ಬಿಸಿಲೇರಿತ್ತು. ಮೊದಲು ಅಜ್ಜಿಯ ಪಕ್ಕ ಕೂತು ಪ್ರಾರ್ಥನೆ ಮಾಡಿದರು. ನಾನು ತಲೆ ಬಗ್ಗಿಸಿದ್ದೆ. ಅಜ್ಜಿ ಮತ್ತೆ ನನ್ನ ಜಡೆಗೆ ಕೈ ಹಾಕಿದಳು. "ಎಷ್ಟು ಪ್ರೀತಿ ನೋಡಮ್ಮ," ಎಂದ ಅಯ್ಯನವರ ಕಣ್ಣು ಒದ್ದೆಯಾಯಿತು. ನಾನು ಜಡೆಯನ್ನು ಮೇಲಕ್ಕೆ ಸುತ್ತಿ ಕಟ್ಟಿಕೊಂಡು, ಅವರ ಜೊತೆ ಓಣಿ ದಾಟಿದೆ.

"ತಿರ್ಚಾ," ಎಂದರು ಅವರು ಮೆಲ್ಲಗೆ. ಅದು ನನ್ನ ಹೆಸರು. "ಹಿಟ್ಟು ಉಬ್ಬಿದೆ. ನಿಮ್ಮಜ್ಜಿ ಹತ್ರ ಹೇಳಿದ್ದೆನಲ್ಲ. ದಸ್ತಗೀರ್ ಸಾಬರಿಗೆ ಸಂಜೆಗೊಂದು ದೊಡ್ಡ ರೊಟ್ಟಿ ಮಾಡಿಕೊಡಿ ಅಂತೀನಿ. ಇನ್ನು ಮುಂದೆ ಹಾಗೇ ನಡೀಲಿ."

ಇನ್ನು ಮುಂದೆ. ಒಂದು ವರ್ಷ ಆ ಮರಿಗೆ ಓಣಿ ದಾಟದಿದ್ದರೆ ಮತ್ತೆಂದೂ ದಾಟುವುದಿಲ್ಲ. ಅಜ್ಜಿ ಬಚ್ಚಿಟ್ಟ ಚೂರೇ ಆ ಎರಡು ಬಾಗಿಲುಗಳನ್ನು ಮುಚ್ಚಿಸಿತು ಎಂದಾಗುತ್ತದೆ. ಅದನ್ನು ಕೇಳಿಸಿಕೊಂಡು ಅಜ್ಜಿ ಮಾತಿಲ್ಲದೆ ಮಲಗಿರಬೇಕಾಗುತ್ತದೆ.

ದಸ್ತಗೀರ್ ಸಾಬರು ನೆಲದಿಂದಲೇ ತಲೆಯೆತ್ತಿ, "ಮಾಡಿಕೊಡ್ತೀನಿ ಅಯ್ಯನವರೇ. ಆದ್ರೆ ಮೊದಲು ಈ ಮೂಲೆ ಮುಗಿಸ್ತೀನಿ," ಎಂದರು.

ಅಯ್ಯನವರು ಜಗಲಿಯ ಮೇಲೆ ಕೂತಿದ್ದ ಸೆಗುಲಜ್ಜಿಯ ಕಡೆ ತಿರುಗಿದರು. "ಅಮ್ಮಾ, ಒಂದು ಚೂರು ಒಣರೊಟ್ಟಿಗೆ ಇಷ್ಟೆಲ್ಲಾನಾ?"

ಸೆಗುಲಜ್ಜಿ ಮಂಜುಗಣ್ಣನ್ನು ದನಿ ಬಂದ ಕಡೆ ಎತ್ತಿದಳು. "ನಿಮ್ಮ ಯೇಸು ಒಂದು ಕಥೆ ಹೇಳಿದ್ದಾರಂತಲ್ಲಪ್ಪ. ಹುಲ್ದಕ್ಕ ನಂಗೆ ಎಷ್ಟು ಸಲ ಹೇಳಿದ್ದಾಳೋ. ಒಬ್ಬ ಹೆಂಗಸಿನ ಹತ್ರ ಹತ್ತು ನಾಣ್ಯ ಇತ್ತಂತೆ. ಒಂದು ಕಳೀತಂತೆ. ದೀಪ ಹಚ್ಚಿ ಮನೆಯೆಲ್ಲ ಗುಡಿಸಿ ಹುಡುಕಿದಳಂತೆ. ಆ ಹೆಂಗಸು ಯಾರು ಅಂತ ಅಂದ್ಕೊಂಡಿದ್ದೀರಿ? ಚಿಕ್ಕವರಿದ್ದಾಗ ಅವರಮ್ಮ ಹೀಗೆ ಗುಡಿಸೋದನ್ನ ಅವರು ನೋಡಿರ್ಬೇಕು. ನೋಡ್ದೆ ಇರೋರಿಗೆ ಹಾಗೆ ಹೇಳೋಕೆ ಬರಲ್ಲ."

ಆ ಕಥೆಯ ಮೇಲೆ ಅಯ್ಯನವರೇ ಹೋದ ತಿಂಗಳು ಚೆನ್ನಾಗಿ ಬೋಧಿಸಿದ್ದರು. ಈಗ ಅಂಗಿಯ ತೋಳು ಮಡಚಿ, "ಇನ್ನೊಂದು ಪುಕ್ಕ ಇದೆಯಾ ಸಾಬರೇ?" ಎಂದು ಅಕ್ಕಿ ಡಬ್ಬಿಯ ಪಕ್ಕ ಮಂಡಿಯೂರಿದರು.

ನೆರಳು ಗೋಡೆಯ ಬುಡಕ್ಕೆ ಬಂತು. ಇನ್ನು ಹುಡುಕಲು ಜಾಗ ಉಳಿದಿರಲಿಲ್ಲ. ಅಜ್ಜಿಗೆ ನೀರು ಕುಡಿಸಲೆಂದು ಮನೆಗೆ ಬಂದೆ. ಚಮಚ ತುಟಿಗಿಡುವಷ್ಟರಲ್ಲಿ ಅವಳ ಎಡಗೈ ನನ್ನ ತಲೆಗೆ ಹೋಯಿತು, ಕಟ್ಟಿದ ಜಡೆಯನ್ನು ಎಳೆದು ಕೆಳಗೆ ಬೀಳಿಸಿತು. ರಾತ್ರಿ ಸರಿಯಾಗಿ ನಿದ್ದೆಯಿಲ್ಲ, ಬೆಳಿಗ್ಗೆಯಿಂದ ಅನ್ನವಿಲ್ಲ. ನನಗೆ ಸಿಟ್ಟೇ ಬಂತು. "ಬಿಡಜ್ಜಿ! ಈಗ ತಲೆ ಬಾಚೋ ಹೊತ್ತಾ ಇದು?" ಎಂದು ತಲೆ ಕಿತ್ತುಕೊಂಡೆ. ಜಡೆಯ ತುದಿಯ ರಿಬ್ಬನ್ನು ಅವಳ ಮುಷ್ಟಿಯಲ್ಲೇ ಉಳಿಯಿತು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಅದು ನೋವಿನ ನೀರಲ್ಲ. ಕಥೆಯ ನಡುವೆ ನಾನು ಪೆದ್ದುಪೆದ್ದಾಗಿ ಏನಾದರೂ ಕೇಳಿದಾಗ ಅವಳು ನೋಡುತ್ತಿದ್ದ ನೋಟ ಅದು. ಆಗ ನನಗೆ ತಿಳಿಯಿತು. ಅವಳು ಒಮ್ಮೆಯೂ ನನ್ನ ಜಡೆಯನ್ನು ಸವರಿರಲಿಲ್ಲ. ನಿನ್ನೆಯಿಂದ ಬಿಚ್ಚಲು ನೋಡುತ್ತಿದ್ದಳು.

ಎಳೆ ಬಿಡಿಸಿದೆ. ಕುತ್ತಿಗೆಯ ಹತ್ತಿರ, ಜಡೆಯ ಒಳಹೊಟ್ಟೆಯಲ್ಲಿ, ಚಿಂದಿಯಲ್ಲಿ ಸುತ್ತಿದ ಒಂದು ಸಣ್ಣ ಗಂಟು. ಒಳಗೆ ಒಣರೊಟ್ಟಿ. ಅದು ನಿನ್ನೆ ಸಂಜೆ ನನ್ನ ಜೊತೆಯೇ ಸೆಗುಲಜ್ಜಿಯ ಮನೆಯ ಮೂಲೆ ಮೂಲೆ ಸುತ್ತಿತ್ತು.

"ಅಜ್ಜೀ, ಯೇಸುಸ್ವಾಮಿದೂ ಹೀಗೇನಾ? ಅವರಮ್ಮ ಅವರ ಮೈಮೇಲೇ ಇಟ್ಟಿದ್ರಾ?"

ಅಜ್ಜಿಯ ಬಾಯಿ ಅರ್ಧ ಮಾತ್ರ ನಕ್ಕಿತು. ನನಗೆ ಅಷ್ಟು ಸಾಕಾಯಿತು. ನಾನು ಹುಡುಕುವಷ್ಟು ದೊಡ್ಡವಳಾಗಿದ್ದೆ, ಅವಳು ಕಥೆಯ ಕೊನೆಯನ್ನು ಹೇಳಿದ್ದಳು.

ತಲೆ ಕೆದರಿಕೊಂಡು, ದೆವ್ವ ಹಿಡಿದವಳ ಹಾಗೆ ಓಣಿ ದಾಟಿ ಓಡಿದೆ. ಅಯ್ಯನವರೇ ಬೆಂಕಿ ಊದಿದರು. ಹತ್ತೂ ಚೂರು ಒಟ್ಟಿಗೆ ಹತ್ತಿಕೊಂಡವು. ಸೆಗುಲಜ್ಜಿ ಈಗ ನಿಶ್ಚಿಂತೆಯಿಂದ, ಕಾಣದೆ ಉಳಿದದ್ದೆಲ್ಲ ಮಣ್ಣಿಗೆ ಸಮ ಎಂಬ ಮಾತು ಹೇಳಿದಳು. ಆಗ ಊರಿನ ಉದ್ದಕ್ಕೂ ಒಂದು ನಿಟ್ಟುಸಿರು ಕೇಳಿತು. ಮನೆಮನೆಯ ಪಾತ್ರೆಗಳ ಮುಚ್ಚಳ ಟಣ್ ಟಣ್ ಎಂದು ಕೆಳಗೆ ಕೂತವು. ಬೇಕರಿಯ ಹಲಗೆಯ ಮೇಲಿದ್ದ ಕುಂಬಳಕಾಯಿಗಾತ್ರದ ಬನ್ನು ಬಿಲ್ಲೆಯಾಯಿತು. ಹಿತ್ತಲಿಂದ ಕೆಂಚಣ್ಣನ ಕೂಗು ಬಂತು: "ಅಯ್ಯೋ, ಸಿಹಿಯಾಗೋಯ್ತಲ್ಲಪ್ಪೋ!" ಪುಟ್ಟನಂಜಿ ಸುಣ್ಣದ ಬಕೆಟ್ಟು ತರಲು ಎದ್ದಳು.

ಮಧ್ಯಾಹ್ನ ನಮ್ಮ ಮರಿಗೆಯನ್ನು ತಲೆಯ ಮೇಲೆ ಹೊತ್ತು ಓಣಿ ದಾಟಿಸಿದವರು ಅಯ್ಯನವರು. ಹಿಟ್ಟಿಗೆ ನೀರು ಬಿದ್ದೊಡನೆ ಅಜ್ಜಿ ಒಂದು ಹಾಡು ಶುರುಮಾಡುತ್ತಿದ್ದಳು, ಹಿಟ್ಟು ಕಾವಲಿಗೆ ಹೋಗುವ ಮೊದಲೇ ಹಾಡು ಮುಗಿದರೆ ಅದು ಹುಳಿಗೆ ತಿರುಗಿತೆಂದು ಲೆಕ್ಕ, ಕೆಲಸಕ್ಕೆ ಬರುವುದಿಲ್ಲ. ಈ ಸಲ ನಾನು ಹಾಡಿದೆ. ದನಿ ಎರಡು ಕಡೆ ಒಡೆಯಿತು. ಸೆಗುಲಜ್ಜಿ ಕಣ್ಣಿಲ್ಲದಿದ್ದರೂ ವಾಸನೆಯಲ್ಲೇ ತಿಳಿದು ರೊಟ್ಟಿ ಮಗುಚಿದಳು. ಅರ್ಧ ಅವಳ ಹಬ್ಬಕ್ಕೆ, ಅರ್ಧ ನಮ್ಮ ಮೇಜಿಗೆ. ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾ ಅಯ್ಯನವರು ಸೆಗುಲಜ್ಜಿಯ ಹಿಟ್ಟಾದ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು. ಆ ಸಂಜೆ ಮೇಜಿನ ಮುಂದೆ ಅವರು ರೊಟ್ಟಿಯೆತ್ತಿ, "ಇದು ನಮ್ಮ ಸ್ವಾಮಿಯ ತಾಯಿಮನೆಯಿಂದ ಬಂದದ್ದು," ಎಂದು ಮುರಿಯುತ್ತಾರೆಂದು ಆಗ ನನಗೆ ಗೊತ್ತಿರಲಿಲ್ಲ.

ಅದಕ್ಕೆ ಮುಂಚೆ, ಹೊತ್ತು ಇಳಿಯುವಾಗ, ನಾನು ಬಿಚ್ಚಿದ ಕೂದಲಲ್ಲೇ ಅಜ್ಜಿಯ ಮಂಚದ ಕೆಳಗೆ ಕೂತಿದ್ದೆ. ಅಜ್ಜಿ ಎಡಗೈಯಲ್ಲಿ ಒಂದು ಎಳೆ ಹಿಡಿದಳು. ಇನ್ನೊಂದು ಕೈ ಅವಳ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಒಂದೇ ಕೈಯಲ್ಲಿ ಜಡೆಯಾಗುವುದಿಲ್ಲ. ಬಾಗಿಲಲ್ಲಿ ಗೋಡೆ ತಡವುತ್ತಾ ಸೆಗುಲಜ್ಜಿ ಬಂದಳು. ಹಬ್ಬದ ಹೊಸ ಸೀರೆ ಉಟ್ಟಿದ್ದಳು, ಮೈಯೆಲ್ಲ ಸುಟ್ಟ ರೊಟ್ಟಿಯ ವಾಸನೆ. ಮಂಚದ ಅಂಚಿನಲ್ಲಿ ಕೂತು, ನನ್ನ ತಲೆಯನ್ನು ಬೆರಳಿನಿಂದ ಚೆನ್ನಾಗಿ ತಡವಿದಳು.

"ಇನ್ನೇನೂ ಬಚ್ಚಿಟ್ಟಿಲ್ಲ ತಾನೆ ಹುಲ್ದಕ್ಕ? ನನ್ನ ಕೈಲಿ ಇನ್ನೊಂದು ಸಲ ಆಗಲ್ಲಮ್ಮ," ಎಂದಳು.

ಅಜ್ಜಿಯ ಅರ್ಧ ಬಾಯಿ ಮತ್ತೆ ನಕ್ಕಿತು. ಸೆಗುಲಜ್ಜಿ ಇನ್ನೊಂದು ಎಳೆ ಹಿಡಿದಳು. ಮೂರನೆಯದನ್ನು ಹಿಡಿಯಲು ಕೈ ಉಳಿದಿರಲಿಲ್ಲ. ಅದನ್ನು ನಾನೇ ಹಿಂದಕ್ಕೆ ಕೈ ಮಾಡಿ ಹಿಡಿದುಕೊಂಡೆ. ಮೂವರೂ ಸೇರಿ, ತಪ್ಪಿ, ಮತ್ತೆ ಬಿಡಿಸಿ, ಹೆಣೆದೆವು. ಜಡೆ ಸೊಟ್ಟಗಾಯಿತು. ಅಷ್ಟು ಹೊತ್ತಿಗೆ ಎದುರಿನ ಕಿಟಕಿಯಾಚೆ ಹುಣ್ಣಿಮೆ ಎದ್ದಿತ್ತು. ನಾನು ಆ ಸೊಟ್ಟ ಜಡೆಯಲ್ಲೇ ಎದ್ದು, ಮೊದಲು ಅವಳ ಮನೆಯ ದೀಪ ಹಚ್ಚಿ ಬಂದು, ಆಮೇಲೆ ನಮ್ಮದನ್ನು ಹಚ್ಚಿದೆ.